ಮೊದಲು ಒಣ ಬೂದಿ

ಕೆರೀಬ್ಯಾಡ ತಮ್ಮ, ತಡಿ.
ಫ್ಯಾನಿನ ಗಾಳಿ ಬಿಟ್ಟು ಈ ಕಡೆ ನಿಲ್ಲು,
ಆ ನವಿರು ಹಾರಿ ನನ್ನ ಮೇಲೂ ಕೂತೀತು.
ಜೋಗಿಮಟ್ಟಿಗೆ ಹೋಗಿದ್ದೆ, ಹೌದಲ್ಲ?
ಕಡೇಗಾಲದ ಸೀತಾಫಲಕ್ಕೆ ಕೈ ಚಾಚಿದಾಗ
ಪಕ್ಕದ ಬಳ್ಳೀಲಿ ಹುಣಸೆಕಾಯಿಯಂಥದ್ದು
ಬಂಗಾರದ ಮಖಮಲ್ಲು ಹೊದ್ದು ತೂಗ್ತಿತ್ತು.
ಸವರಿದೆ.
ಎಲ್ಲರೂ ಒಂದು ಸಲ ಸವರ್ತಾರೆ ನಸುಗುನ್ನೀನ.

ನೀರು ಹಾಕಿದೆಯಾ?
ಅದಕ್ಕೇ ನೋಡು, ಬೆರಳಿಂದ್ದು ಮೊಣಕೈಗೆ ಏರೈತೆ.
ನೀರು ಕುಡಿದ ನವಿರು ಚರ್ಮದಾಗೆ ಬೇರು ಬಿಡ್ತೈತೆ
ಅಂತ ಒಬ್ಬಳು ಹೇಳಿದ್ದಳು,
ಫಾರ್ಮಸಿ ಓದುವಾಗ ಯಾರೂ ಹೇಳಲಿಲ್ಲ.

ಗುಲಾಬಿ ಬಣ್ಣದ ಲೋಷನ್ನು ಕೊಡ್ತೀನಿ, ಅದು ಆಮೇಲೆ.
ಗಲ್ಲದ ಕೆಳಗೆ ಹಾರ್ಲಿಕ್ಸ್ ಡಬ್ಬೀಲಿ
ಮನೆ ಒಲೆಯ ಬೂದಿ ಐತೆ, ಜರಡಿ ಹಿಡಿದದ್ದು.
ತಪಾಸಣೆಗೆ ಬಂದ ಸಾಹೇಬರು ಏನ್ರೀ ಇದು ಅಂದರು,
ವಿಭೂತಿ ಅಂದೆ,
ಹಣೆಗೆ ಹಚ್ಚಿಕೊಂಡೇ ಹೋದರು.

ನಗು. ನಕ್ಕರೆ ಕೆರೆತ ಅರ್ಧ ಮರೀತೈತೆ.
ಕೈ ಕೊಡು.

ಆರನೇ ಕ್ಲಾಸು ನನಗೆ.
ತಿಪ್ಪೇರುದ್ರಪ್ಪ ಮೇಷ್ಟ್ರದು ಒಂದು ಪದ್ಧತಿ:
ಮಗ್ಗಿ ಬಂದವರು ಬಾರದವರ ಮೂಗು ಹಿಡಿದು
ಕಪಾಳಕ್ಕೆ ಬಾರಿಸಬೇಕು.
ಹದಿನೇಳರ ಮಗ್ಗಿ ಬಂದದ್ದು ಪಾಲಕ್ಕನಿಗೊಬ್ಬಳಿಗೇ.
ಸಾಲಾಗಿ ನಿಂತ ಹನ್ನೊಂದು ಹುಡುಗರ ಮೂಗು ಹಿಡಿದಳು.
ನನಗೆ ಮಾತ್ರ ಮೆಲ್ಲಗೆ ಹೊಡೆದಳು, ಹೂವು ತಾಗಿದಂಗೆ.
ಜೋರಾಗಿ ಹೊಡೆದಿದ್ದರೆ ಮರೀತಿದ್ದೆನೋ ಏನೋ.

ಮಾರನೇ ದಿನ ಔಡಲೆಲೆಯಲ್ಲಿ ಸುತ್ತಿಕೊಂಡು
ನಸುಗುನ್ನಿ ನವಿರು ತಂದೆ.
ಪ್ರಾರ್ಥನೆಗೆ ಮುಂಚೆ, ಅವಳು ಕೂರೋ ಜಾಗದಾಗೆ
ಉಫ್ ಅಂತ ಊದಿ
ಅದೇ ಕೈಲಿ ಕುತ್ತಿಗೆ ಒರೆಸಿಕೊಂಡೆ.

ಪ್ರಾರ್ಥನೆ ಮುಗಿಯೋ ಹೊತ್ತಿಗೆ ನಾನು ಮಣ್ಣಲ್ಲಿ ಹೊರಳ್ತಿದ್ದೆ.
ಒಬ್ಬ ಹುಣಸೆಹುಳಿ ತಂದ, ಇನ್ನೊಬ್ಬ ತುಂಬೆಸೊಪ್ಪು,
ಸುಣ್ಣ ಅಂದವರು, ಮಜ್ಜಿಗೆ ಅಂದವರು,
ಮೇಷ್ಟ್ರು ಎಲೆಅಡಿಕೆ ಸಂಚಿಯನ್ನೇ ಬಿಚ್ಚಿದರು.
ಯಾರೋ ಕೊಡ ಎತ್ತಿಕೊಂಡು ಓಡಿ ಬಂದರು.

ನೀರು ಹಾಕಬ್ಯಾಡ್ರೀ!

ಉಪ್ಪಿಟ್ಟಿನ ಒಲೆ ಕಡೆಯಿಂದ ಬಂದಳು,
ಲಂಗದ ತುಂಬ ಬೂದಿ, ಹೆಗಲ ಮೇಲೆ ಕಂಬಳಿ ತುಂಡು.
ಅವಳವ್ವ ಸಾಹುಕಾರರಿಗೆ ನಸುಗುನ್ನಿ ಬೀಜ ಬಿಡಿಸೋಳು,
ಕಿಲೋಕ್ಕಿಷ್ಟು ಅಂತ.
ಮಾಗಿ ತಿಂಗಳೆಲ್ಲ ಆ ಮನೇಲಿ ಅದೇ ಗಾಳಿ, ಅದೇ ಹಾಸಿಗೆ.
ನಮಗೆ ಅದು ಕುಚೋದ್ಯ.

ಬೂದಿ ಸುರಿದಳು. ಕಂಬಳಿಯಿಂದ ಒರೆಸಿದಳು,
ಮೇಲಿಂದ ಕೆಳಕ್ಕೆ, ಒಂದೇ ಕಡೆ,
ಈಗ ನಾನು ನಿನಗೆ ಒರೆಸ್ತಿದೀನಲ್ಲ, ಹಿಂಗೆ.
ಆಮೇಲೆ ಸಗಣಿ ಮೆತ್ತಿ, ಬಿಸಿಲಿಗೆ ಕೂರಿಸಿ,
ಒಣಗಿದ್ದನ್ನ ಹೆಕ್ಕಳದಂಗೆ ಸುಲಿದು,
ಕಡೆಗೆ ಹುಳಿಮಜ್ಜಿಗೆ.
ಉರಿ ಹೋದದ್ದು ಗೊತ್ತಾಗಲೇ ಇಲ್ಲ,
ಗಂಟೆ ಹೊಡೆದಿತ್ತು,
ಅವಳು ಒಳಗೆ ಹೋಗ್ತಿದ್ದಳು, ತನ್ನ ಜಾಗಕ್ಕೆ.

ಕೂರಬ್ಯಾಡ ಅನ್ನಬೇಕಿತ್ತು.
ಮೂರು ಅಕ್ಷರ, ಇಲ್ಲ ನಾಕು.
ಬಾಯಲ್ಲಿ ಸಗಣಿ ವಾಸನೆ ಬಿಟ್ಟು ಏನೂ ಬರಲಿಲ್ಲ.

ಬೆಂಚಿನ ಹತ್ತಿರ ನಿಂತಳು.
ಉಳಿದಿದ್ದ ಬೂದಿ ಉದುರಿಸಿದಳು,
ಕಂಬಳಿಯಿಂದ ಒರೆಸಿದಳು, ಒಂದೇ ಕಡೆ,
ಕಿಟಕಿಯಾಚೆ ಕೊಡವಿದಳು.
ಕೂತಳು. ಪುಸ್ತಕ ತೆಗೆದಳು.
ನನ್ನ ಕಡೆ ನೋಡಲಿಲ್ಲ.
ಅವತ್ತೂ ನೋಡಲಿಲ್ಲ, ಏಳನೇ ಕ್ಲಾಸು ಮುಗಿಯೋವರೆಗೂ ನೋಡಲಿಲ್ಲ.

ಈಗ ಎಲ್ಲಿದ್ದಾಳೋ.
ಚಳ್ಳಕೆರೆ ಕಡೆ ಕೊಟ್ಟರು ಅಂತ ಒಂದು ಸುದ್ದಿ.
ಚಳಿಗಾಲಕ್ಕೆ ಕುತ್ತಿಗೆ ಈ ಜಾಗದಾಗೆ
ಏನೂ ಇಲ್ಲದೆ ಕೆರೀತೈತೆ,
ಇಷ್ಟು ಔಷಧಿಗಳ ನಡುವೆ ಕೂತು ಕೆರಕೊಳ್ತೀನಿ.

ಇಳೀತಾ? ಮುಕ್ಕಾಲು ಇಳೀತು ಬಿಡು.
ತೆಳ್ಳಗೆ ಲೋಷನ್ನು ಹಚ್ಚಿಕೋ, ಅಂಗಿ ಬೇರೆ ಒಗೀಲಿ ಅಮ್ಮ.

ಅದಿರಲಿ, ಜೇಬಿನಾಗೆ ಎಲೆ ಸುತ್ತಿ ಏನೋ ಇಟ್ಟೀಯಲ್ಲ,
ಯಾರಿಗದು?
ಹೇಳೋದೇನೂ ಬ್ಯಾಡ.
ಈ ಡಬ್ಬಿಯೊಳಗೆ ಹಾಕು, ಮುಚ್ಚಳ ನಾನು ಹಾಕ್ತೀನಿ.
ಲೋಷನ್ನಿಗೆ ಚಿಲ್ಲರೆ ತಂದೀಯಾ?